ಟಾಬಾದ ಮೇಷ್ಟ್ರು

ಎಂಎ ಇತಿಹಾಸದಲ್ಲಿ ಈ ಸೆಮಿಸ್ಟರ್ ನಮಗೆ ನರಮೇಧ ಮತ್ತು ಜನಾಂಗೀಯ ಹಿಂಸೆ ಅಂತ ಒಂದು ಪೇಪರ್ ಇದೆ. ಅರ್ಮೇನಿಯಾ, ಯಹೂದಿಗಳ ಹತ್ಯಾಕಾಂಡ, ಕಾಂಬೋಡಿಯಾ, ರುವಾಂಡಾ. ಯಾರಿಗಾದರೂ ಹೇಳಿದರೆ 'ಅಯ್ಯೋ, ಅದನ್ನೆಲ್ಲ ಓದಿ ರಾತ್ರಿ ನಿದ್ದೆ ಬರುತ್ತಾ?' ಅಂತ ಕೇಳ್ತಾರೆ. ಚೆನ್ನಾಗೇ ಬರುತ್ತೆ. ನಿದ್ದೆ ಕೆಡಿಸಬೇಕಾದ ಭಾಗವನ್ನು ಕ್ಲಾಸಲ್ಲಿ ಮುಟ್ಟುವುದೇ ಇಲ್ಲ ಅನ್ನೋದು ನನ್ನ ತಕರಾರು.

ರುವಾಂಡಾ ಪಾಠದ ದಿನ ಪ್ರೊಜೆಕ್ಟರ್ ಮೇಲೆ ಸಾಲಾಗಿ ಜೋಡಿಸಿಟ್ಟ ತಲೆಬುರುಡೆಗಳ ಫೋಟೋ ಬಂತು. ಹಿಂದಿನ ಬೆಂಚಿನಿಂದ ಒಬ್ಬ 'ಬಿಡ್ರೋ, ಆಫ್ರಿಕಾದವ್ರು ಇರೋದೇ ಹಂಗೆ' ಅಂದ. ಒಂದಿಬ್ಬರು ನಕ್ಕರು. ಮೇಡಂ ಗದರಿದರು, ಪಾಠ ಮುಂದೆ ಹೋಯಿತು. ನನಗೇನೋ ಅವನೊಬ್ಬನದೇ ತಪ್ಪು ಅನ್ನಿಸಲಿಲ್ಲ. ಬರೀ ಬುರುಡೆ, ಮಚ್ಚು ತೋರಿಸಿದರೆ ನೋಡಿದವರು ಮತ್ತೇನು ತಾನೇ ಅಂದುಕೊಳ್ತಾರೆ?

ಅಲ್ಲಿ ತೋರಿಸಬೇಕಿದ್ದದ್ದು ಒಂದು ಗುರುತಿನ ಚೀಟಿ. 1930ರ ದಶಕದಲ್ಲಿ ಬೆಲ್ಜಿಯಂ ಆಡಳಿತ ರುವಾಂಡಾದ ಜನರಿಗೆಲ್ಲ ಹಂಚಿದ್ದು. ಹುಟು, ಟುಟ್ಸಿ, ಟ್ವಾ ಅಂತ ಅದರಲ್ಲಿ ಜನಾಂಗ ನಮೂದಾಗಿರುತ್ತಿತ್ತು. ಆಮೇಲಿನ ಕಾರ್ಡುಗಳಲ್ಲಿ ಈ ಹೆಸರುಗಳನ್ನೆಲ್ಲ ಮೊದಲೇ ಅಚ್ಚು ಹಾಕಿರುತ್ತಿದ್ದರು. ಗುಮಾಸ್ತ ನಿಮಗೆ ಸಂಬಂಧಿಸದ್ದನ್ನು ಪೆನ್ನಿನಲ್ಲಿ ಹೊಡೆದು ಹಾಕ್ತಿದ್ದ. ನಾವು ಅರ್ಜಿ ಫಾರಂಗಳಲ್ಲಿ ಮಾಡ್ತೀವಲ್ಲ, ಥೇಟ್ ಹಾಗೇ. ದೇಶ ಸ್ವತಂತ್ರವಾದದ್ದು 1962ರಲ್ಲಿ, ಆದರೂ ಆ ಸಾಲನ್ನು ಯಾರೂ ತೆಗೆಯಲಿಲ್ಲ. 1994ರ ನರಮೇಧದಲ್ಲಿ ಟುಟ್ಸಿಗಳನ್ನು ಹುಡುಕಿ ಕೊಲ್ಲೋಕೆ ರಸ್ತೆಗೆ ಅಡ್ಡ ನಿಂತ ಹುಟು ಗುಂಪುಗಳು ಕೇಳುತ್ತಿದ್ದದ್ದು ಇದೇ ಕಾರ್ಡನ್ನು. ಭಾಷೆ ಒಂದೇ, ಚರ್ಚೂ ಒಂದೇ, ಎಷ್ಟೋ ಮನೆಗಳಲ್ಲಿ ಗಂಡ ಹುಟು, ಹೆಂಡತಿ ಟುಟ್ಸಿ. ಮುಖ ನೋಡಿ ಖಚಿತವಾಗಿ ಹೇಳೋಕೆ ಆಗದ್ದನ್ನು ಆ ಕಾರ್ಡು ಹೇಳುತ್ತಿತ್ತು.

ಒಬ್ಬ ಮನುಷ್ಯನ ಕಥೆಯಂತೂ ಕ್ಲಾಸಲ್ಲಿ ಒಂದೇ ವಾಕ್ಯದಲ್ಲಿ ಮುಗಿದುಹೋಯಿತು. ಜೀನ್-ಪಾಲ್ ಅಕಯೇಸು. ಮೊದಲು ಶಾಲಾ ಮೇಷ್ಟ್ರು, ಆಮೇಲೆ ಶಾಲೆಗಳ ಇನ್‌ಸ್ಪೆಕ್ಟರ್, 1993ರಿಂದ ಟಾಬಾ ಅನ್ನೋ ಕಡೆ ಮೇಯರ್. ಪೊಲೀಸರೂ ಅವನ ಕೈಕೆಳಗೇ. 1994ರ ಏಪ್ರಿಲ್ 6ರ ರಾತ್ರಿ ಅಧ್ಯಕ್ಷ ಹಬ್ಯಾರಿಮಾನಾ ಇದ್ದ ವಿಮಾನವನ್ನು ಕಿಗಾಲಿಯಲ್ಲಿ ಹೊಡೆದುರುಳಿಸಿದ ಮೇಲೆ ದೇಶದಲ್ಲಿ ಕೊಲೆಗಳು ಶುರುವಾದವು. ಸುಮಾರು ನೂರು ದಿನದಲ್ಲಿ ಸತ್ತವರು, ವಿಶ್ವಸಂಸ್ಥೆಯ ಅಂದಾಜಿನಂತೆ, 8 ಲಕ್ಷ. ಬಹುಪಾಲು ಟುಟ್ಸಿಗಳು, ಜೊತೆಗೆ ಕೊಲ್ಲಲು ಒಪ್ಪದ ಹುಟುಗಳೂ. ಆದರೆ ಟಾಬಾದಲ್ಲಿ ಈ ಅಕಯೇಸು ಮೊದಮೊದಲು ಹಿಂಸೆ ತಡೆಯೋಕೆ ನೋಡಿದ. ಅದನ್ನು ಆಮೇಲೆ ಅವನ ವಿಚಾರಣೆ ನಡೆಸಿದ ನ್ಯಾಯಾಲಯವೂ ಒಪ್ಪಿದೆ. ಏಪ್ರಿಲ್ 18ರಂದು ಹಂಗಾಮಿ ಸರ್ಕಾರದವರು ಆ ಪ್ರಾಂತ್ಯದ ಮೇಯರ್‌ಗಳನ್ನೆಲ್ಲ ಕರೆಸಿ ಸಭೆ ನಡೆಸಿದರು. ಮರುದಿನ ಬೆಳಿಗ್ಗೆ ಇದೇ ಮನುಷ್ಯ ಜನರ ಗುಂಪಿನ ಮುಂದೆ ನಿಂತು 'ಶತ್ರು'ವನ್ನು ಮುಗಿಸಿ ಅಂತ ಕರೆ ಕೊಟ್ಟ. ಯಾರು ಶತ್ರು ಅಂತ ಬಿಡಿಸಿ ಹೇಳಬೇಕಾಗಿರಲಿಲ್ಲ. ಜೂನ್ ಮುಗಿಯೋದರೊಳಗೆ ಟಾಬಾದಲ್ಲಿ ಕನಿಷ್ಠ 2,000 ಟುಟ್ಸಿಗಳ ಕೊಲೆಯಾಗಿತ್ತು. ಸತ್ತವರಲ್ಲಿ ಮೇಷ್ಟ್ರುಗಳೂ ಇದ್ದರು.

ರಕ್ಷಣೆ ಸಿಗುತ್ತೆ ಅಂತ ಹೆಂಗಸರು ಓಡಿ ಬಂದದ್ದು ಇವನ ಕಚೇರಿ ಆವರಣಕ್ಕೇ. ಅವರ ಮೇಲೆ ಅತ್ಯಾಚಾರ ನಡೆದದ್ದೂ ಅಲ್ಲೇ. ಮೊದಲ ದೋಷಾರೋಪಪಟ್ಟಿಯಲ್ಲಿ ಈ ಆರೋಪ ಇರಲೇ ಇಲ್ಲ. ಸಾಕ್ಷಿ ಹೇಳೋಕೆ ಬಂದ ಹೆಂಗಸರು ಬಾಯಿಬಿಟ್ಟ ಮೇಲೆ, 1997ರ ಜೂನ್‌ನಲ್ಲಿ ಸೇರಿಸಿದರು. ಪೀಠದಲ್ಲಿದ್ದ ಒಬ್ಬರೇ ಮಹಿಳಾ ನ್ಯಾಯಾಧೀಶರು ನವಿ ಪಿಳ್ಳೈ, ದಕ್ಷಿಣ ಆಫ್ರಿಕಾದ ತಮಿಳು ಮೂಲದವರು. ವಿಶ್ವಸಂಸ್ಥೆ ಟಾಂಜಾನಿಯಾದ ಅರುಷಾದಲ್ಲಿ ಕೂರಿಸಿದ್ದ ಆ ಅಂತರರಾಷ್ಟ್ರೀಯ ನ್ಯಾಯಮಂಡಳಿ 1998ರ ಸೆಪ್ಟೆಂಬರ್ 2ರಂದು ಅಕಯೇಸು ನರಮೇಧದ ಅಪರಾಧಿ ಅಂತ ತೀರ್ಪು ಕೊಟ್ಟಿತು. ವಿಚಾರಣೆ ನಡೆಸಿ ಇಂಥ ತೀರ್ಪು ಕೊಟ್ಟ ಮೊದಲ ಅಂತರರಾಷ್ಟ್ರೀಯ ನ್ಯಾಯಾಲಯ ಅದು. ಅತ್ಯಾಚಾರವೂ ನರಮೇಧದ ಕೃತ್ಯ ಆಗಬಹುದು ಅಂತ ಹೇಳಿದ್ದೂ ಅಲ್ಲೇ ಮೊದಲು. ಕಳೆದ ವಾರ ಹಾಸ್ಟೆಲ್‌ನಲ್ಲಿ ಕೂತು ಆ ತೀರ್ಪನ್ನು ಓದಿದೆ. ಅವತ್ತು ಮಾತ್ರ ನಿಜಕ್ಕೂ ನಿದ್ದೆ ಬರಲಿಲ್ಲ.

ಆರ್‌ಟಿಎಲ್‌ಎಂ ರೇಡಿಯೋ ಬಗ್ಗೆ ನಿಮಗೆ ಗೊತ್ತಿರುತ್ತೆ, ಟುಟ್ಸಿಗಳನ್ನು ಜಿರಳೆ ಅಂತ ಕರೀತಿದ್ದ ಚಾನೆಲ್ಲು. ಒಳ್ಳೊಳ್ಳೆ ಹಾಡು, ತಮಾಷೆ, ನಡುನಡುವೆ ಇಂಥವರು ಇಂಥಲ್ಲಿದ್ದಾರೆ ಅನ್ನೋ ಮಾಹಿತಿ. ಇತ್ತ ಭದ್ರತಾ ಮಂಡಳಿ ಏಪ್ರಿಲ್ 21ರಂದು ಅಲ್ಲಿದ್ದ ಶಾಂತಿಪಡೆಯನ್ನು 270 ಜನಕ್ಕೆ ಇಳಿಸೋ ನಿರ್ಣಯ ಮಾಡಿತು. ಇದಕ್ಕೂ 'ಆಫ್ರಿಕಾದವ್ರು ಇರೋದೇ ಹಂಗೆ' ಅನ್ನೋಣವಾ?

ಹಾಗಂದವನಿಗೆ ಕ್ಯಾಂಟೀನ್‌ನಲ್ಲಿ 2016ರ ಬೆಂಗಳೂರಿನ ಪ್ರಕರಣ ನೆನಪಿಸಿದೆ. ಹೆಸರಘಟ್ಟದ ಕಡೆ ಸುಡಾನ್‌ನವನೊಬ್ಬ ಓಡಿಸುತ್ತಿದ್ದ ಕಾರಿಗೆ ಸಿಕ್ಕಿ ಒಬ್ಬ ಹೆಂಗಸು ಸತ್ತರು. ಆಮೇಲೆ ಅದೇ ದಾರಿಯಲ್ಲಿ ಬಂದ ಟಾಂಜಾನಿಯಾದ ವಿದ್ಯಾರ್ಥಿನಿಯನ್ನು ಜನ ಹಿಡಿದು ಹೊಡೆದರು, ಕಾರು ಸುಟ್ಟರು. ಅವಳಿಗೂ ಅಪಘಾತಕ್ಕೂ ಏನೇನೂ ಸಂಬಂಧ ಇರಲಿಲ್ಲ. 'ಅದೂ ಇದೂ ಒಂದೇನಾ?' ಅಂದ. ಒಂದೇ ಅಂತ ನಾನೂ ಹೇಳ್ತಿಲ್ಲ. ಹೊಡೆದವರೂ 'ಇವ್ರು ಇರೋದೇ ಹಂಗೆ' ಅಂತಲೇ ಶುರು ಮಾಡಿರ್ತಾರೆ ಅಂದೆ. ಟೀ ಮುಗಿಸಿ ಎದ್ದು ಹೋದ.

ಇಂಟರ್ನಲ್ಸ್‌ನಲ್ಲಿ ಬಂದ ಪ್ರಶ್ನೆ: 'ರುವಾಂಡಾ ನರಮೇಧಕ್ಕೆ ಕಾರಣಗಳನ್ನು ಪಟ್ಟಿ ಮಾಡಿ'. 10 ಅಂಕ. ವಸಾಹತುಶಾಹಿ, ಕಾಫಿ ಬೆಲೆ ಕುಸಿತ, ಅಂತರ್ಯುದ್ಧ, ರೇಡಿಯೋ ಅಂತ ಬರೆದರೆ ಪೂರ್ತಿ ಅಂಕ ಸಿಗುತ್ತೆ. ಆ ಪಟ್ಟಿಯಲ್ಲಿ ಒಬ್ಬ ಮನುಷ್ಯನೂ ಇಲ್ಲ, ಸಹಿ ಹಾಕಿದವನಿಲ್ಲ, ಸಭೆಯಿಂದ ಎದ್ದು ಬಂದವನಿಲ್ಲ.

ಸೆಮಿನಾರ್‌ಗೆ ನಾನು ಏಪ್ರಿಲ್ 18ರ ಸಭೆಯನ್ನೇ ತಗೊಂಡೆ. 'ಟಾಪಿಕ್ ತುಂಬ ಚಿಕ್ಕದಾಯ್ತಲ್ಲ' ಅಂದರು ಮೇಡಂ. 'ನರಮೇಧದಲ್ಲಿ ಸ್ಥಳೀಯ ಆಡಳಿತದ ಪಾತ್ರ' ಅಂತ ಶೀರ್ಷಿಕೆ ಹಿಗ್ಗಿಸಿ ಕೊಟ್ಟಿದ್ದೀನಿ. ಒಳಗಿರೋದು ಮಾತ್ರ ಅದೇ ಸಭೆ.