ಯಾವ ಜೋಳ ಸರ್?

ಮೊನ್ನೆ ದಾವಣಗೆರೆಯಲ್ಲಿ ಒಂದು ಅಂಗಡಿಗೆ ಹೋಗಿ "ಐದು ಕೆಜಿ ಜೋಳ ಕೊಡಪ್ಪ" ಅಂದೆ. ಹುಡುಗ "ಯಾವ ಜೋಳ ಸರ್?" ಅಂದ. ಬಿಳಿಜೋಳ ಅಂತ ಬಿಡಿಸಿ ಹೇಳಬೇಕಾಯಿತು. ನಾನು ಚಿಕ್ಕವನಿದ್ದಾಗ ನಮ್ಮ ಜಗಳೂರು ಕಡೆ ಜೋಳ ಅಂದ್ರೆ ಜೋಳ, ಅಷ್ಟೇ. ಇನ್ನೊಂದನ್ನು ಮೆಕ್ಕೆಜೋಳ ಅಂತ ಬೇರೆ ಮಾಡಿ ಹೇಳುತ್ತಿದ್ದೆವು. ಈಗ ಹೊಲದ ಜೊತೆಗೆ ಹೆಸರೂ ಮೆಕ್ಕೆಜೋಳದ ಪಾಲಾಗಿದೆ. ಹಳಗನ್ನಡದಲ್ಲಿ ಅನ್ನದ ಋಣಕ್ಕೆ 'ಜೋಳವಾಳಿ' ಅಂತಿದ್ದರು. ಒಡೆಯನ ಜೋಳ ಉಂಡವನು ಅವನಿಗಾಗಿ ಜೀವ ಕೊಡಬೇಕಿತ್ತು. ಅಂಥ ಕಾಳಿನ ಗತಿ ನೋಡಿ.

ಮನೆಗೆ ಬಂದು ದೇಶದ ಲೆಕ್ಕ ತೆಗೆದು ಕೂತೆ. 1960-61ರಲ್ಲಿ ಭಾರತದಲ್ಲಿ ಜೋಳ ಬಿತ್ತಿದ್ದು ಸುಮಾರು 184 ಲಕ್ಷ ಹೆಕ್ಟೇರ್. ಬಂದ ಕಾಳು ಸುಮಾರು 98 ಲಕ್ಷ ಟನ್. ಇತ್ತೀಚೆಗೆ ನೆಲ 40 ಲಕ್ಷ ಹೆಕ್ಟೇರ್ ಆಸುಪಾಸು, ಕಾಳು 40-50 ಲಕ್ಷ ಟನ್. ಬರೀ ಕಾಳಿನ ಲೆಕ್ಕ ನೋಡಿದವರು "ಅರ್ಧಕ್ಕೆ ಇಳಿದಿದೆ, ಅಷ್ಟೇ ತಾನೇ" ಅಂತಾರೆ. ಎಕರೆಗೆ ಎರಡು ಕ್ವಿಂಟಲ್ ಚಿಲ್ಲರೆ ಇದ್ದ ಇಳುವರಿ ನಾಲ್ಕು ದಾಟಿದ್ದರಿಂದ ಅಷ್ಟಾದರೂ ಉಳಿದಿದೆ. ನೆಲದ ಲೆಕ್ಕದಲ್ಲಿ ಐದು ಹೊಲದಲ್ಲಿ ನಾಲ್ಕು ಹೋಗಿವೆ.

ಒಂದೇ ಸಮ ಇಳಿದಿದ್ದೂ ಅಲ್ಲ. 1964ರಲ್ಲಿ ಸಿಎಸ್‌ಎಚ್-1 ಅನ್ನೋ ಮೊದಲ ಹೈಬ್ರಿಡ್ ಜೋಳ ಬಂತು. ಇಳುವರಿ ಏರಿ 1992-93ರಲ್ಲಿ ಸುಮಾರು 128 ಲಕ್ಷ ಟನ್ ಬೆಳೆದಿದ್ದೆವು. ಆಗಲೇ ನೆಲ ಕರಗುತ್ತಿತ್ತು. ಕಾಳು ಜಾಸ್ತಿ ಬರುತ್ತಿದ್ದರಿಂದ ಯಾರ ಕಣ್ಣಿಗೂ ಬೀಳಲಿಲ್ಲ.

ಜನ ಅನ್ನಕ್ಕೆ ಬಿದ್ದರು, ಅದಕ್ಕೇ ಜೋಳ ಹೋಯಿತು ಅನ್ನೋದು ಎಲ್ಲರ ಮಾತು. ಸುಳ್ಳಲ್ಲ. ಪಡಿತರ ಅಕ್ಕಿ ಬಂದ ಮೇಲೆ ಮುದ್ದೆ, ರೊಟ್ಟಿ ಎರಡೂ ಕಡಿಮೆಯಾದವು. ಆದರೆ ನನ್ನ ಲೆಕ್ಕದಲ್ಲಿ ಜೋಳವನ್ನು ಹೊಲದಲ್ಲಿ ಹಿಡಿದಿಟ್ಟಿದ್ದು ರೊಟ್ಟಿಗಿಂತ ಜಾಸ್ತಿ ಎತ್ತು.

ನಮ್ಮ ಹಿತ್ತಲಲ್ಲಿ ಜೋಳದ ಸಪ್ಪೆಯ, ಅಂದ್ರೆ ಒಣಗಿದ ದಂಟಿನ, ಬಣವೆ ಮನೆಗಿಂತ ಎತ್ತರ ಇರುತ್ತಿತ್ತು. ಕಾಳು ಮನುಷ್ಯರಿಗೆ, ಸಪ್ಪೆ ಎತ್ತಿಗೆ. ಮಳೆ ಕೈಕೊಟ್ಟು ತೆನೆ ಜೊಳ್ಳಾದ ವರ್ಷವೂ ಸಪ್ಪೆ ಸಿಗುತ್ತಿತ್ತು. ಹಾಗಾಗಿ ಜೋಳ ಪೂರ್ತಿ ಮುಳುಗಿಸುತ್ತಿರಲಿಲ್ಲ. ಹೈಬ್ರಿಡ್ ಗಿಡ ಗಿಡ್ಡ, ಸಪ್ಪೆ ಕಡಿಮೆ. ಮುಂಗಾರು ಜೋಳ ಬಲಿಯುವ ಹೊತ್ತಿಗೆ ಮಳೆ ಹಿಡಿದರೆ ತೆನೆಗೆ ಬೂಸ್ಟು ಬಂದು ಕಾಳು ಕಪ್ಪಾಗುತ್ತೆ. ರೊಟ್ಟಿಗೂ ಬೇಡ, ಮಂಡಿಯಲ್ಲೂ ಬೆಲೆ ಇಲ್ಲ. ವಿಜಯಪುರ, ಸೊಲ್ಲಾಪುರದ ಕಡೆ ಎರೆನೆಲದ ಹಸಿಯಲ್ಲಿ ಬರುವ ಮಾಲ್ದಂಡಿ ಅನ್ನೋ ಹಿಂಗಾರಿ ಜೋಳದ ತಳಿಗೆ ಆ ಕಾಟ ಇಲ್ಲ. ಅದಕ್ಕೇ ಅಲ್ಲಿ ಜೋಳ ಇನ್ನೂ ನಿಂತಿದೆ. ನಮ್ಮಲ್ಲಿ ಟ್ರ್ಯಾಕ್ಟರ್ ಬಂತು, ಎತ್ತು ಸಂತೆಗೆ ಹೋದವು. ಅಲ್ಲಿಗೆ ಜೋಳದ ಅರ್ಧ ಬೆಲೆ ಹೋಯಿತು. ಟನ್ನಿನ ಲೆಕ್ಕದಲ್ಲಿ ಸಪ್ಪೆಗೆ ಜಾಗವೇ ಇಲ್ಲ.

2023 ಸಿರಿಧಾನ್ಯ ವರ್ಷ ಅಂತ ದೇಶವೆಲ್ಲ ಕುಣಿಯಿತು. ಅದೇ ಹುರುಪಿನಲ್ಲಿ ನಾನೂ ಊರಿಗೆ ಹೋಗಿ ನಮ್ಮ ದೊಡ್ಡಪ್ಪನ ಮಗನಿಗೆ ಉಪದೇಶ ಮಾಡಿದೆ. "ಅಣ್ಣ, ಒಂದು ಎಕರೆ ಜೋಳ ಹಾಕು. ಬೆಂಬಲ ಬೆಲೆ ಮೆಕ್ಕೆಜೋಳಕ್ಕಿಂತ ಜಾಸ್ತಿ ಇದೆ." ಬೆಲೆಯ ಮಾತು ನಿಜವೇ. 2025-26ಕ್ಕೂ ಕ್ವಿಂಟಲ್‌ಗೆ ಹೈಬ್ರಿಡ್ ಜೋಳಕ್ಕೆ 3,699 ರೂಪಾಯಿ, ಮೆಕ್ಕೆಜೋಳಕ್ಕೆ 2,400 ಇತ್ತು. ಅಣ್ಣ ನಕ್ಕುಬಿಟ್ಟ. ಮಳೆ ಚೆನ್ನಾಗಾದರೆ ಮೆಕ್ಕೆಜೋಳ ಎಕರೆಗೆ ಹದಿನೈದು ಕ್ವಿಂಟಲ್ ಬರುತ್ತೆ, ಜೋಳ ಐದು ಬಂದರೆ ಪುಣ್ಯ. ಗುಣಿಸಿ ನೋಡು ಅಂದ. ನೋಡಿದೆ. 2025-26ರ ದರದಲ್ಲಾದರೂ ಮೆಕ್ಕೆಜೋಳಕ್ಕೆ ಮೂವತ್ತಾರು ಸಾವಿರ, ಜೋಳಕ್ಕೆ ಹದಿನೆಂಟೂವರೆ. (ಮೆಕ್ಕೆಜೋಳಕ್ಕೆ ಆ ದರ ಕೈಗೆ ಸಿಗದೆ ಒದ್ದಾಡಿದ ವರ್ಷಗಳೂ ಇವೆ, ಅದು ಬೇರೆ ಮಾತು.)

"ದುಡ್ಡು ಬಿಡು," ಅಂದ ಅಣ್ಣ. "ಹಕ್ಕಿ ಕಾಯೋಕೆ ನೀನು ಬರ್ತೀಯಾ?"

ಇದು ನನಗೆ ಹೊಳೆದೇ ಇರಲಿಲ್ಲ. ಮೆಕ್ಕೆಜೋಳದ ತೆನೆಗೆ ಸಿಪ್ಪೆಯ ಹೊದಿಕೆ ಇದೆ. ಜೋಳದ ತೆನೆ ಬಟ್ಟಬಯಲು. ಊರೆಲ್ಲಾ ಜೋಳ ಇದ್ದಾಗ ಗಿಳಿ, ಗುಬ್ಬಿ ಎಲ್ಲರ ಹೊಲದಲ್ಲೂ ಚೂರುಚೂರು ತಿಂದು ಹೋಗುತ್ತಿದ್ದವು. ಅಟ್ಟಣಿಗೆ ಮೇಲೆ ಕವಣೆ ಹಿಡಿದು ಕೂರೋಕೆ ನಮ್ಮಂಥ ಹುಡುಗರಿದ್ದೆವು. ಈಗ ಹುಡುಗರು ಶಾಲೆಗೆ ಹೋಗ್ತಾರೆ, ಹೋಗಲೇಬೇಕು. ಒಬ್ಬನೇ ಜೋಳ ಹಾಕಿದರೆ ಸುತ್ತ ನಾಲ್ಕೂರಿನ ಹಕ್ಕಿ ಅವನ ಎಕರೆಗೇ ಇಳಿಯುತ್ತವೆ. ಬೀಜ ಕೊಟ್ಟು, ಭಾಷಣ ಮಾಡಿ, ಒಬ್ಬೊಬ್ಬ ರೈತನನ್ನು ಹಿಡಿದು ಜೋಳ ಹಾಕಿಸ್ತೀವಿ ಅನ್ನುವವರು ಇದನ್ನು ಒಮ್ಮೆ ಯೋಚಿಸಬೇಕು. ಹಾಕಿದರೆ ಆಸುಪಾಸಿನ ಹತ್ತು ಹದಿನೈದು ಹೊಲದವರು ಒಟ್ಟಿಗೇ ಹಾಕಬೇಕು.

ಅಣ್ಣನಿಗೂ ಅದನ್ನೇ ಹೇಳಿದೆ. ಪಕ್ಕದ ಹೊಲದವರನ್ನು ಕೇಳಿದ್ದಾನಂತೆ. ಮೂವರು ಹೂಂ ಅಂದಿದ್ದಾರೆ, ಇನ್ನಿಬ್ಬರು ಮಳೆ ಬರಲಿ ನೋಡೋಣ ಅಂದಿದ್ದಾರೆ.