192 ಕಿಲೋಹರ್ಟ್ಸ್ ಇದ್ದರೆ ಹಕ್ಕಿ ದನಿ ಚೆನ್ನಾಗಿ ಬರುತ್ತಾ? ಸತ್ಯಾಂಶ ಇಲ್ಲಿದೆ

"ಕಾಡಿನ ದನಿ ಹಿಡಿಯಲು 192 ಕಿಲೋಹರ್ಟ್ಸ್ ರೆಕಾರ್ಡರನ್ನೇ ಕೊಳ್ಳಿ, 48 ಇರುವುದು ದಂಡ." ವಾಟ್ಸಾಪ್‌ನಲ್ಲಿ ಓಡಾಡುವ ಈ ಮಾತು ತಪ್ಪು.

ಈ ಸಂಖ್ಯೆ ಸ್ಯಾಂಪಲ್ ರೇಟ್, ಅಂದರೆ ಯಂತ್ರ ಸೆಕೆಂಡಿಗೆ ಎಷ್ಟು ಸಾವಿರ ಸಲ ದನಿಯನ್ನು ಅಳೆಯುತ್ತದೆ ಎಂಬುದು. ಅದರ ಅರ್ಧದವರೆಗಿನ ಕಂಪನದ ದನಿಯನ್ನಷ್ಟೇ ಹಿಡಿಯಬಹುದು. ಹಾಗಾಗಿ 48ರಲ್ಲಿ ರೆಕಾರ್ಡ್ ಮಾಡಿದರೆ ಸುಮಾರು 24 ಕಿಲೋಹರ್ಟ್ಸ್‌ವರೆಗಿನ ದನಿ ಸಿಗುತ್ತದೆ. ನಮ್ಮ ಕಿವಿಗೆ ಕೇಳುವುದು ಹೆಚ್ಚೆಂದರೆ 20. ಬಹುಪಾಲು ಹಕ್ಕಿಗಳ ಹಾಡು 1ರಿಂದ 8ರ ನಡುವೆಯೇ ಇರುತ್ತದೆ. ಬಾವಲಿಗಳ ದನಿ ಬೇಕಿದ್ದರೆ ಮಾತು ಬೇರೆ, ಅದಕ್ಕೆ 192 ಅಥವಾ ಇನ್ನೂ ಜಾಸ್ತಿ ಬೇಕು. ಉಳಿದವರಿಗೆ ಸುಮ್ನೆ ನಾಲ್ಕು ಪಟ್ಟು ದೊಡ್ಡ ಫೈಲ್, ಅಷ್ಟೇ.

ನಿಜವಾಗಿ ಕಾಡುವುದು ಯಂತ್ರದ ಸ್ವಂತ ಸದ್ದು. ಆಗುಂಬೆಯಲ್ಲಿ ಮುಂಜಾನೆ ದೂರದಲ್ಲೊಂದು ಹಕ್ಕಿ ಮೆಲ್ಲಗೆ ಕೂಗುತ್ತಿದೆ ಅಂದುಕೊಳ್ಳಿ. ನೀವು ಗೇನ್, ಅಂದರೆ ಬರುವ ದನಿಯನ್ನು ಹಿಗ್ಗಿಸುವ ಪ್ರಮಾಣ, ಏರಿಸುತ್ತೀರಿ. ಹಕ್ಕಿಯ ಜೊತೆಗೇ "ಸ್ಸ್ಸ್" ಎಂಬ ಸದ್ದೂ ಏರುತ್ತದೆ. ಅದು ಕಾಡಿನದಲ್ಲ, ಮೈಕ್ ಮತ್ತು ಅದರ ದನಿ ಹಿಗ್ಗಿಸುವ ಪ್ರೀಆಂಪ್‌ನದು. ಹಾಗಾಗಿ ಮೈಕ್‌ನ ವಿವರದಲ್ಲಿ 'ಸೆಲ್ಫ್ ನಾಯ್ಸ್' ಎಷ್ಟಿದೆ ನೋಡಿ. ಅದು ಕಡಿಮೆ ಇದ್ದಷ್ಟೂ ಒಳ್ಳೆಯದು. 10 ಡೆಸಿಬಲ್ ಆಸುಪಾಸಿನದು ಮೆಲುದನಿಗೆ ಬಹಳ ಚೆನ್ನ, 20 ದಾಟಿದರೆ ಸಪ್ಪಳ ಎದ್ದು ಕೇಳುತ್ತದೆ.

ರೆಕಾರ್ಡರಿನಲ್ಲಿ '32 ಬಿಟ್ ಫ್ಲೋಟ್' ಎಂಬ ರೆಕಾರ್ಡಿಂಗ್ ವಿಧಾನ ಇದ್ದರೆ ದನಿಯ ಲೆವೆಲ್ ಏರುಪೇರಾದರೂ ಆಮೇಲೆ ಸರಿಮಾಡಬಹುದು. ಗುಡುಗು ಬಂದಾಗ ತುಂಬಾ ಉಪಯೋಗ. ಆದರೆ ಮೈಕ್‌ನ ಸಪ್ಪಳವನ್ನು ಅದೂ ತೆಗೆಯುವುದಿಲ್ಲ.

ಇನ್ನು ಗಾಳಿ. ಜೊತೆಗೆ ಬರುವ ತೆಳು ಸ್ಪಂಜು ಬಯಲಲ್ಲಿ ಸಾಲದು, ತುಪ್ಪಳದಂಥ ಕವಚಕ್ಕೆ ದುಡ್ಡು ಹಾಕಿ.

ಕೊಳ್ಳುವ ಮುಂಚೆ ಸಾಧ್ಯವಾದರೆ ಒಂದು ರಾತ್ರಿ ಫ್ಯಾನ್ ಆರಿಸಿ, ಗೇನ್ ಏರಿಸಿ, ಹೆಡ್‌ಫೋನ್ ಹಾಕಿಕೊಂಡು ಖಾಲಿ ಕೋಣೆಯನ್ನೇ ರೆಕಾರ್ಡ್ ಮಾಡಿ ಕೇಳಿ, ಆ "ಸ್ಸ್ಸ್" ಎಷ್ಟಿದೆ ಎಂದು ಗೊತ್ತಾಗುತ್ತದೆ.