ಅಕ್ಕೋರಿಗೆ ನಾಕ ದಿನದ ಸಸ್ಪೆಂಡ್

ಮುಂಜಾನೆ ಗೂಡಿನ ಬಾಗಲಾ ತಗದ್ರ ಮೊದಲ ಹೊರಗ ಬರೋರು ಅಕ್ಕೋರು. ಅವರು ಹೊಸ್ತಲಾ ದಾಟಿ, ಒಂದ ಕಾಲು ಎತ್ತಿಕೊಂಡು ನಿಂತು, ಕುತ್ತಿಗಿ ಓರೆ ಮಾಡಿ ಒಂದ ಕಣ್ಣಿಂದ ಹಿತ್ತಲಾ ಪೂರಾ ತಪಾಸಣಿ ಮಾಡೋತನಾ ಉಳದಾವು ಒಂದೂ ಹೊರಗ ಚುಂಚ ಹಾಕಂಗಿಲ್ಲ. ನಾ ಎರಡನೇ ಇಯತ್ತೆ ಇದ್ದಾಗ ಮಗ್ಗಿ ಕಲಿಸೋ ಅಕ್ಕೋರು ಒಬ್ರು ಹಿಂಗ ಕುತ್ತಿಗಿ ಓರೆ ಮಾಡಿ ನೋಡ್ತಿದ್ರು, ಯಾರನ್ನ ನೋಡಾಕತ್ತಾರ ಅಂತ ತಿಳಿಯೋದ್ರಾಗ ಯಾರದರ ಬೆನ್ನ ಮ್ಯಾಲೆ ಬೆತ್ತ ಬಿದ್ದಿರ್ತಿತ್ತು, ಆ ನೆನಪಿಗೆ ನಮ್ಮ ಕೆಂಪು ಜವಾರಿ ಹ್ಯಾಟಿ ಕೋಳಿಗೆ ಈ ಹೆಸರು ಬಂತು. ಹೆಸರು ಇಟ್ಟ ಮ್ಯಾಲೆ ಏಕವಚನ ಬಾಯಾಗ ಬರವಲ್ದು. "ಅಕ್ಕೋರು ತತ್ತಿ ಇಟ್ರನು?" ಅಂತನ ಕೇಳ್ತೀವಿ ಮನ್ಯಾಗ.

ನಾವಿರೋದು ಬಾಗಲಕೋಟಿ ನವನಗರದಾಗ. ಸೆಕ್ಟರ್ ನಂಬರ್ ಹೇಳಂಗಿಲ್ಲ, ಜವಾರಿ ತತ್ತಿ ಅಂದ್ರ ಮಂದಿ ಹುಡುಕಿಕೊಂಡು ಬರ್ತಾರ. ಹಿತ್ತಲಾ ಅಂದ್ರ ಏನ್ ಭಾಳಿಲ್ರಿ, ಒಂದ ನುಗ್ಗಿ ಗಿಡ, ಒಂದ ಅರಬಿ ಒಗಿಯೋ ಕಲ್ಲು, ಹಳೇ ಬಾಗಲಾ ಒಡದು ನಮ್ಮ ಮನಿಯವ್ರು ಬಡದ ಗೂಡು. ಅದರಾಗ ನಾಕ ಹ್ಯಾಟಿ. ಅಕ್ಕೋರು, ಕರಿ, ಬೂದಿ, ಮತ್ತ ಕುತ್ತಿಗಿ ಮ್ಯಾಲೆ ಹುಟ್ಟಾನ ಪುಚ್ಚ ಇಲ್ಲದ ಪುಟ್ಟಿ. ಪುಟ್ಟಿನ್ನ ನೋಡಿದ ಬೀಗರು "ಅಯ್ಯ ಯಾರು ಕುಕ್ಕ್ಯಾರವಾ ಇದನ್ನ" ಅಂತಾರ, ಇಲ್ರಿ ಅದರ ತಳಿನ ಹಂಗ ಅಂದ್ರ ನಂಬಂಗಿಲ್ಲ. ಇರಲಿ.

ನಾಕರಾಗ ಸುಮ್ಕ ಇದ್ರ ಚಲೋ ಇತ್ತು. ಆಸೆ ಅನ್ನೋದು ಕೇಳ್ಬೇಕಲ್ಲ, ಸಂತ್ಯಾಗ ಹೋಗಿ ಎರಡು ಗಿರಿರಾಜ ಹ್ಯಾಟಿ ತಂದೆ. ಜವಾರಿ ಹಂಗ ಹಿತ್ತಲದಾಗ ಮೇದು ಬದಕಬೇಕು, ಆದ್ರ ಮೈ ತುಂಬಿಕೊಂಡಿರಬೇಕು ಅಂತ ಬೆಂಗಳೂರಿನ ಹೆಬ್ಬಾಳದ ವೆಟರ್ನರಿ ಕಾಲೇಜಿನವ್ರು ತಯಾರ ಮಾಡಿದ ತಳಿ ಅದು. ಒಂದಕ್ಕ ಗಿರಿಜಾ, ಇನ್ನೊಂದಕ್ಕ ರಾಜಿ ಅಂತ ಹೆಸರಿಟ್ವಿ. ಒಂದೊಂದು ಅಕ್ಕೋರಿನ ಒಂದೂವರಿ ಪಟ್ಟು ಇದ್ವು, ನಾ ಅನ್ಕೊಂಡೆ ಇನ್ನ ಅಕ್ಕೋರ ದರ್ಬಾರು ಮುಗೀತು ಅಂತ. ಎಲ್ಲಿದು. ಚೀಲದಾಗಿಂದ ಬಿಟ್ಟ ಎರಡ ಮಿನಿಟಿಗೆ ಅಕ್ಕೋರು ರೆಕ್ಕಿ ಒಂದಿಷ್ಟು ಕೆಳಗ ಬಿಟ್ಟು ಬಂದ್ರು, ಗಿರಿಜಾನ ತಲಿ ಮ್ಯಾಲೆ ಒಂದ ಹಾಕಿದ್ರು, ಅಷ್ಟ. ಆ ದೊಡ್ಡ ದೇಹ ತಗೊಂಡು ಗಿರಿಜಾ ಓಡಿ ಹೋಗಿ ಅರಬಿ ಕಲ್ಲಿನ ಸಂದ್ಯಾಗ ಮಾರಿ ತುರುಕಿ ನಿಂತಳು. ಹಿಂದಿನ ಭಾಗ ಪೂರಾ ಹೊರಗ. ಮಾರಿ ಮುಚ್ಚಿದ್ರ ಮೈ ಎಲ್ಲಾ ಮುಚ್ಚಿದಂಗ ಅನಕೊಂಡಿತ್ತೇನೋ.

ಮೂರನೇ ದಿನ ರಕ್ತ ಕಂಡಿತು. ರಾಜಿದು, ಬಾಲ ಶುರು ಆಗೋ ಜಾಗಾದಾಗ, ನಾಕಾಣೆ ನಾಣ್ಯದಷ್ಟ ಅಗಲ ಬೋಳು, ಅದರ ನಡುವ ಹೊಸಾ ಪುಚ್ಚ ಮೊಳಕಿ ಒಡದಿದ್ದು ಮುರದು ರಕ್ತ ಒಸರಾಕತ್ತಿತ್ತು. ಬೆಳಿಯೋ ಪುಚ್ಚದ ಬುಡದಾಗ ರಕ್ತ ಇರ್ತೈತಿ, ಅದು ಮುರದ್ರ ಹಂಗ ಲಗೂನ ನಿಲ್ಲಂಗಿಲ್ಲ. ಮತ್ತ ಕೋಳಿಗೆ ಕೆಂಪು ಬಣ್ಣ ಅಂದ್ರ ಏನ್ ಹುಚ್ಚೋ, ಅಲ್ಲಿತನಾ ಸುಮ್ಕ ಇದ್ದ ಪುಟ್ಟಿನೂ ಬಂದು ಒಂದ ಕುಕ್ಕಿ ಹೋಯ್ತು. ಬಡದವರು ಒಬ್ರು, ಕೈ ತೊಳಕೊಂಡವರು ಎಲ್ಲಾರೂ.

ನಮ್ಮ ಅತ್ತಿ ಬೀಳಗಿ ಕಡೆ ಹಳ್ಳ್ಯಾಗ ಕೋಳಿ ಸಂಗಾಟನ ಬೆಳದಾಕಿ. "ಅರಿಷಿಣ ಎಣ್ಣಿ ಹಚ್ಚವಾ" ಅಂದ್ಲು. ಹಚ್ಚಿದೆ. ಗಾಯಕ್ಕ ಚಲೋನ ಆತು, ಆದ್ರ ಅರಿಷಿಣಕ್ಕ ರಕ್ತ ಕೂಡಿ ಕುಂಕಮದಂಗ ಮಿಂಚಾಕತ್ತಿತು, ಈಗ ನಾಕೂ ಒಮ್ಮೆಲೆ ಬಂದ್ವು. ಕಡೀಕ ಔಷಧಿ ಅಂಗಡ್ಯಾಗ ಜೆನ್ಷನ್ ವಯಲೆಟ್ ಬಾಟ್ಲಿ ತಂದು, ಉಪ್ಪುನೀರಿಂದ ತೊಳದು, ಆ ಜಾಂಬಳಿ ಬಣ್ಣ ಹಚ್ಚಿದೆ. ಔಷಧಿ ಔಷಧೀನೂ ಆತು, ಕೆಂಪು ಮುಚ್ಚಿಕೊಂಡೂ ಹೋತು. ನನ್ನ ಕೈ, ನೈಟಿ, ಅರಬಿ ಕಲ್ಲು, ರಾಜಿನ ಅರ್ಧ ಮೈ ಎಲ್ಲಾ ಜಾಂಬಳಿ. ಬಾಜೂ ಮನಿ ಮಾಸ್ತರ ಕಾಕಾ, ಅವರು ತತ್ತಿನೂ ತಿನ್ನದವರು, ಕಂಪೌಂಡ್ ಮ್ಯಾಲಿಂದ ಹಣಿಕಿ ಹಾಕಿ "ಏನವಾ, ಹೋಳಿ ಇನ್ನ ದೂರ ಐತೆಲ್ಲ, ನಿಮ್ಮ ಕೋಳಿ ಈಗ ಆಡ್ಯಾವು" ಅಂದ್ರು. ಬಾಗಲಕೋಟಿ ಮಂದಿಗೆ ಹೋಳಿ ಮಾತು ಬಿಟ್ರ ಬ್ಯಾರೆ ಹೋಲಿಕಿ ಬರಂಗಿಲ್ಲ ಬಿಡ್ರಿ, ಬಂಡಿ ಮ್ಯಾಲೆ ಬ್ಯಾರಲ್ ಇಟಗೊಂಡು ಬಣ್ಣ ಉಗ್ಗೋ ಊರು.

ಗಾಯ ಮಾಯ್ತು, ಕುಕ್ಕೋದು ನಿಂದ್ರಲಿಲ್ಲ. ಆವಾಗ ನಾ ನನ್ನ ಬ್ಲೌಸ್ ಹೊಲಿಯೋ ಟೇಪ್ ತಗೊಂಡು ಗೂಡು ಅಳದೆ. ನಾಕ ಫೂಟ ಉದ್ದ, ಮೂರ ಫೂಟ ಅಗಲ. ಹನ್ನೆರಡು ಚದರ ಫೂಟ. ಒಂದ ಕೋಳಿಗೆ ಗೂಡಿನ್ಯಾಗ ಹೆಚ್ಚುಕಮ್ಮಿ 4 ಚದರ ಫೂಟ ಬೇಕಂತಾರ. ಅಂದ್ರ ಮೂರಕ್ಕ ಸಾಲೋ ಮನ್ಯಾಗ ನಾ ಮೊದಲ ನಾಕ ಇಟ್ಟಿದ್ದೆ, ಈಗ ಆರು ತುಂಬೀನಿ. ಕಾಳು ಹಾಕೋ ತಾಟು ಒಂದ. ಅದರ ಮುಂದ ಅಕ್ಕೋರು ನಿಂತ್ರ ಗಿರಿಜಾ ರಾಜಿ ಉಪವಾಸ. ಹಾಕ್ತಿದ್ದದ್ದೂ ಬರೇ ಜ್ವಾಳದ ನುಚ್ಚು. ಪುಚ್ಚ ಅನ್ನೋದು ಬಹಳಷ್ಟು ಪ್ರೋಟೀನೇ, ನುಚ್ಚಿನಾಗ ಅದು ಸಾಲಂಗಿಲ್ಲ, ಸಾಲದಿದ್ರ ಕೋಳಿ ಬಾಜೂದಕ್ಕಿನ ಪುಚ್ಚ ಕಿತ್ತು ತಿಂತಾವು. ನಾ ನೋಡೀನಿ, ಬೂದಿ ಒಂದ ಪುಚ್ಚ ಕಿತ್ತು, ಆಚೀಚೆ ನೋಡಿ, ಶೇವಗಿ ನುಂಗಿದಂಗ ನುಂಗಿದ್ದನ್ನ.

ಅತ್ತಿ ಇದನ್ನ ಕೇಳಿ ನಕ್ಕಳು. "ನೀ ಟೇಪ್ ಹಿಡದು ಕಂಡಿ, ನಮ್ಮವ್ವ ಒರ್ಲಿ ಗಡಗಿ ಇಟ್ಟು ಕಂಡಿದ್ದಳು" ಅಂದ್ಲು. ಒರ್ಲಿ ಅಂದ್ರ ಗೆದ್ದಲಾ. ಒಡಕ ಗಡಗ್ಯಾಗ ಸಗಣಿ, ಹಸಿ ಕಣಕಿ ತುಂಬಿ, ನೀರು ಚಿಮುಕಿಸಿ, ಒರ್ಲಿ ಹತ್ತಿದ ಜಾಗಾದ ಮ್ಯಾಲೆ ರಾತ್ರಿ ಡಬ್ಬ ಹಾಕಿದ್ರ ಮುಂಜಾನೆ ಅಷ್ಟರಾಗ ಗಡಗಿ ತುಂಬ ಒರ್ಲಿ. ಕೋಳಿಮರಿಗೆ ಹಬ್ಬ. ನವನಗರದಾಗ ಒರ್ಲಿ ಹತ್ತಿದ್ದು ನಮ್ಮ ಬಾಗಲಾ ಚೌಕಟ್ಟಿಗೆ ಮಾತ್ರ, ಅದರ ಮ್ಯಾಲೆ ಗಡಗಿ ಡಬ್ಬ ಹಾಕಾಕ ಬರಂಗಿಲ್ಲ, ಅದಕ್ಕ ಶೇಂಗಾ ಹಿಂಡಿ ನೆನಸಿ ಹಾಕಾಕ ಶುರು ಮಾಡಿದೆ. ಎರಡನೇ ತಾಟು ನುಗ್ಗಿ ಗಿಡದ ಆ ಬದಿಗೆ, ಒಂದಕ್ಕೊಂದು ಕಾಣಲಾರದಂಗ. ಮೆಂತೆ ಪಲ್ಲೆ, ಕಿರಕಸಾಲಿ ಕಟ್ಟು ದಾರಕ್ಕ ಕಟ್ಟಿ ಎತ್ತರಕ್ಕ ತೂಗುಬಿಟ್ಟೆ. ಜಿಗಿದು ಜಿಗಿದು ಕಿತ್ತು ತಿನ್ನಬೇಕು, ಬಾಯಿಗೆ ಕೆಲಸ ಇದ್ರ ಒಬ್ರ ಮೈಮ್ಯಾಲೆ ಒಬ್ರು ಹೋಗೋದು ಕಮ್ಮಿ. ಗೂಡು? ಅದಕ್ಕ ಇನ್ನೊಂದು ಖೋಲಿ ಜೋಡಸ್ರಿ ಅಂತ ಮನಿಯವರಿಗೆ ಹೇಳೀನಿ, ಐತವಾರ ಐತವಾರ ಅನಕೋತ ಹೊಂಟಾರ.

ಇಷ್ಟೆಲ್ಲಾ ಮಾಡಿದ್ರೂ ಅಕ್ಕೋರು ಎರಡ ತಾಟಿನ ನಡುವ ಬಸ್ಸಿನ ಕಂಡಕ್ಟರ್ ಹಂಗ ತಿರಗಾಡಿ ಗಿರಿಜಾಗೊಂದು ರಾಜಿಗೊಂದು ಹಾಕೇ ಬರ್ತಿದ್ರು.

ಮಗಳು ಫೋನಿನ್ಯಾಗ ಓದಿ ಹೇಳಿದ್ಲು, ಈ ಸಾಲು, ಈ ಯಾರನ್ನ ಯಾರು ಕುಕ್ಕಬೇಕು ಅನ್ನೋ ಲೆಕ್ಕ, ಇದನ್ನ ಮೊದಲ ಕೂತು ಬರದಿಟ್ಟಾಂವ ನಾರ್ವೆ ದೇಶದ ಶೆಲ್ಡರುಪ್ ಎಬ್ಬೆ ಅನ್ನಾಂವಂತ. ಸಣ್ಣಾಂವ ಇದ್ದಾಗಿಂದನ ಕೋಳಿ ಹುಚ್ಚು, ನೋಡ್ಕೋತ ಕುಂತು 1921ರ ಹೊತ್ತಿಗೆ ಅದರ ಮ್ಯಾಲೆ ಪ್ರಬಂಧನ ಬರದ. ಸಾಲು ಯಾವಾಗಲೂ ನೆಟ್ಟಗ ಇರಂಗಿಲ್ಲ, ಕೆಲವೊಮ್ಮೆ ಮೂರರಾಗ ಸುತ್ತು ಹೊಡಿತೈತಿ ಅಂತನೂ ಅಂವ ಕಂಡಿದ್ನಂತ. ಅದನ್ನ ಕೇಳಿ ನಾ ಒಂದ ಮಧ್ಯಾಹ್ನ ಹೊಲಿಗಿ ಬಿಟ್ಟು ಹಿತ್ತಲ ಕಟ್ಟಿ ಮ್ಯಾಲೆ ಕುಂತೆ. ಖರೇನ ಐತಿ. ಕರಿ ಬೂದಿಗೆ ಕುಕ್ತೈತಿ, ಬೂದಿ ಪುಟ್ಟಿಗೆ, ಪುಟ್ಟಿ ಹೋಗಿ ಕರಿಗೆ! ಕರಿ ಸುಮ್ಕ ತಲಿ ಬಗ್ಗಿಸಿ ಹೋಗ್ತೈತಿ. ನಾನೂರು ರೂಪಾಯಿದ ಬ್ಲೌಸ್ ಆವತ್ತ ಲೇಟಾತು, ಆದ್ರ ನಾರ್ವೆದಾಂವ ಹೇಳಿದ್ದು ನಮ್ಮ ಹಿತ್ತಲದಾಗ ಪಾಸ್ ಆತು.

ಕುಂತಲ್ಲೇ ಹಳೇ ಊರಿನ ನಳ ನೆನಪಾತು. ನಾ ಹುಟ್ಟಿ ಬೆಳದಿದ್ದು ಹಳೇ ಬಾಗಲಕೋಟ್ಯಾಗ, ನಮ್ಮ ಓಣಿಗೆ ಒಂದ ನಳ, ನೀರು ಬರೋಕಿಂತ ಮೊದಲ ಕೊಡಗೋಳ ಸಾಲು. ಯಾರ ಕೊಡ ಮೊದಲ, ಯಾರದು ಆಮ್ಯಾಲೆ, ಅದನ್ನ ಯಾರೂ ಬರದಿರಲಿಲ್ಲ, ಎಲ್ಲಾರಿಗೂ ಗೊತ್ತಿತ್ತು. ಮೊದಲನೇ ಕೊಡ ಒಬ್ಬಾಕಿ ಅಜ್ಜಿದು, ಆಕಿ ಬರೋತನಾ ನೀರು ಸುಮ್ಕ ಹರದು ಹೋದ್ರೂ ಒಬ್ರೂ ಕೈ ಹಚ್ಚತಿದ್ದಿಲ್ಲ. ಆಲಮಟ್ಟಿ ಹಿನ್ನೀರು ಬರ್ತೈತಿ ಅಂತ ಊರು ಎದ್ದು ನವನಗರಕ್ಕ ಬಂದ್ವಿ, ಒಂದ ಓಣಿ ಮಂದಿ ನಾಕ ಸೆಕ್ಟರಿಗೆ ಹರಿದು ಹಂಚಿ ಹೋದ್ರು. ಆ ಅಜ್ಜಿನ್ನ ಒಮ್ಮೆ ಇಲ್ಲಿ ನೀರಿನ ಟ್ಯಾಂಕರ್ ಮುಂದ ಕಂಡೆ. ಹಿಂದಿನಿಂದ ಮೂರನೇಯಾಕಿ. ಯಾರೂ ಆಕಿಗೆ ಏನೂ ಅಂದಿರಲಿಲ್ಲ, ತಾನ ಹೋಗಿ ಅಲ್ಲಿ ನಿಂತಿದ್ಲು. ಊರು ಬಿಟ್ಟು ಬಂದಾಗ ಭಾಂಡೆ, ಟ್ರಂಕು, ದೇವರು ಎಲ್ಲಾ ಹೇರಿಕೊಂಡು ಬಂದ್ವಿ, ಆ ಮೊದಲನೇ ನಂಬರ್ ಒಂದು ಅಲ್ಲೇ ನಳದ ಹಂತ್ಯಾಕ ಉಳೀತು.

ಅಕ್ಕೋರ ಜೋರೂ ಹಂಗ ಜಾಗಾದ್ದು ಅಂತ ಆವಾಗ ಹೊಳೀತು. ಗಿರಿಜಾ ಅಷ್ಟ ದೊಡ್ಡಾಕಿ ಆಗಿ ಯಾಕ ಓಡಿದಳು ಅಂದ್ರ ಆಕಿಗೆ ಇಲ್ಲಿ ಯಾವ ಮೂಲಿನೂ ತನ್ನದಲ್ಲ. ನಾ ಮಾಡಿದ ತಪ್ಪೂ ಅಲ್ಲೇ ಇತ್ತು. ಹೊಸಾವನ್ನ ಚೀಲದಾಗಿಂದ ಸೀದಾ ನಡು ಹಿತ್ತಲಕ್ಕ ಬಿಡಬಾರ್ದು, ಒಂದ ಎಂಟ ಹದಿನೈದು ದಿನ ಜಾಳಗಿ ಆ ಕಡೆ ಇಟ್ಟು, ಒಂದಕ್ಕೊಂದು ಮಾರಿ ಪರಿಚಯ ಆದ ಮ್ಯಾಲೆ ರಾತ್ರಿ ಕತ್ತಲಾಗ ಗೂಡಿನ ಅಡ್ಡ ಕಟಗಿ ಮ್ಯಾಲೆ ಕೂಡಿಸಬೇಕು. ಇನ್ನೊಂದು ತಪ್ಪು, ಗಾಯ ಆದಾಗ ರಾಜಿನ್ನ ಎತ್ತಿ ಬ್ಯಾರೆ ಇಟ್ಟಿದ್ದೆ, ಗಾಯ ಮಾಯೋತನಾ ಅದು ಬೇಕಾಗಿತ್ತು ಖರೇ, ಆದ್ರ ತಿರಗಿ ಬಂದಾಗ ಆಕಿ ಮತ್ತ ಹೊಸಬಾಕಿನ, ಇದ್ದ ನಂಬರೂ ಹೋತು. ಎತ್ತಬೇಕಾದ್ದು ಕುಕ್ಕೋರನ್ನ.

ಹಿಂಗಾಗಿ ಒಂದ ಸೋಮವಾರ ಅಕ್ಕೋರನ್ನ ಹಿಡದು ಮಾಳಿಗಿ ಮ್ಯಾಲೆ ಹಳೇ ಜಾಳಗಿ ಪಂಜರದಾಗ ಇಟ್ಟೆ. ನೆರಳು ಮಾಡಿದೆ, ನೀರು, ಹಿಂಡಿ ಎಲ್ಲಾ ಇಟ್ಟೆ, ಗುಂಪು ಮಾತ್ರ ಕಾಣಂಗಿಲ್ಲ. ಮೊದಲನೇ ದಿನ ಏನ್ ಒದರಾಟ ರೀ, ಓಣಿ ಮಂದಿ ನಾವು ಏನೋ ಕೊಯ್ಯಾಕತ್ತೀವಿ ಅನಕೊಂಡ್ರು. ಎರಡನೇ ದಿನ ತತ್ತಿ ಬಂದ್. ಮೂರನೇ ದಿನ ನಾ ಅರಬಿ ಒಣಾ ಹಾಕಾಕ ಹೋದ್ರ ಮೂಲ್ಯಾಗ ಕುಂತು ಆ ಒಂದ ಕಣ್ಣಿಂದ ನನ್ನ ನೋಡಿದ್ರು, ನಂಗ ಅನ್ನ ಗಂಟಲಾಗ ಇಳೀಲಿಲ್ಲ. ಅತ್ತಿ ಅಂದ್ಲು, "ಬಿಡ, ನಾಕ ದಿನ ಅಂದ್ರ ನಾಕ ದಿನ. ನೀ ಬಂದ ಹೊಸದಾಗ ಒಂದ ವರ್ಷ ನಿನಗ ಉಪ್ಪಿನಕಾಯಿ ಭರಣಿ ಮುಟ್ಟಾಕ ಕೊಟ್ಟಿದ್ನೇನು?" ಕೊಟ್ಟಿರಲಿಲ್ಲ. ಆಕಿಗೆ ಅದು ನೆನಪೈತಿ ಅಂತ ನಂಗ ಅವತ್ತ ಗೊತ್ತಾತು.

ಕೆಳಗಿನ ಕಥಿ ಕೇಳ್ರಿ. ಅಕ್ಕೋರು ಮ್ಯಾಲೆ ಹೋದ ಮರುದಿನಾನ ಕರಿ ಇನ್‌ಚಾರ್ಜ್ ತಗೊಂಡಿತು. ಹೊಸ್ತಲಾ ದಾಟಿ ಕಾಲು ಎತ್ತಿ ನಿಲ್ಲೋದು ಸುದ್ದಾ. ಕುಕ್ಕೋದು ಕಲೀಲಿಲ್ಲ ಅಂತಲ್ಲ, ಆದ್ರ ಹಿಂದ ಪುಟ್ಟಿ ಭಯ ಇತ್ತಲ್ಲ, ಹಗೂರಕ ಒಂದ ಎರಡು ಹಾಕಿ ಬಿಡ್ತಿತ್ತು. ಗಿರಿಜಾ ಅರಬಿ ಕಲ್ಲಿನ ಸಂದಿ ಬಿಟ್ಟು ತಾಟಿಗೆ ಬಂದಳು. ರಾಜಿ ನುಗ್ಗಿ ಗಿಡದ ಬುಡಕ್ಕ ಮಣ್ಣಾಗ ಹೊಳ್ಯಾಡಿ ಧೂಳ ಸ್ನಾನ ಮಾಡಿದಳು, ಬಂದ ಮ್ಯಾಲೆ ಮೊದಲನೇ ಸಲ. ಜಾಂಬಳಿ ಬಣ್ಣದ ಮ್ಯಾಲೆ ಕೆಮ್ಮಣ್ಣು ಕೂತು ಆಕಿ ಯಾವ ಜಾತಿ ಪಕ್ಷಿ ಅಂತ ತಿಳಿಯದಂಗ ಆಗಿದ್ಲು.

ಶುಕ್ರವಾರ ರಾತ್ರಿ ಟಾರ್ಚಿಗೆ ಅರಬಿ ಸುತ್ತಿ ಬೆಳಕ ಸಣ್ಣ ಮಾಡಿಕೊಂಡು ಅಕ್ಕೋರನ್ನ ತಂದು ಕಟಗಿ ಮ್ಯಾಲೆ ಕಡೀಕ ಕೂಡಿಸಿದೆ. ಮುಂಜಾನೆ ಬಾಗಲಾ ತಗದೆ. ಮೊದಲ ಕರಿ. ಆಮ್ಯಾಲೆ ಪುಟ್ಟಿ, ಬೂದಿ, ಗಿರಿಜಾ. ಅಕ್ಕೋರು ಐದನೇದಕ್ಕ ಬಂದು ಹೊಸ್ತಲದಾಗ ಒಂದ ಕಾಲು ಎತ್ತಿದ್ರು, ಹಿಂದಿಂದ ರಾಜಿ ನೂಕಿಕೊಂಡು ಬಂದಳು, ಕಾಲು ಇಳಿಸಿದ್ರು.

ಈಗ ಎರಡ ತಿಂಗಳಾತು. ಅಕ್ಕೋರು ಎರಡನೇ ನಂಬರಿಗೆ ಬಂದಾರ, ಕರಿ ಸಜ್ಜಿ ಕಾಳಿನ ಮ್ಯಾಲೆ ಧ್ಯಾನ ಇಟ್ಟಾಗ ಹಿಂದಿನಿಂದ ಬಾಲದ ಪುಚ್ಚ ಒಂದ ಜಗ್ಗಿ ಏನೂ ಆಗದವರಂಗ ಆ ಕಡೆ ಮಾರಿ ಮಾಡ್ತಾರ. ಅತ್ತಿ ಹೇಳ್ತಾಳ, ಇವಕ್ಕ ಒಂದ ಹುಂಜ ಬೇಕು, ಹುಂಜ ಇದ್ರ ಹ್ಯಾಟಿಗೋಳ ಜಗಳ ಅಂವ ನಡುವ ಹೋಗಿ ಬಿಡಸ್ತಾನ ಅಂತ. ಇದ್ದೀತು. ನಾ ಮೊನ್ನೆ ಮಾಸ್ತರ ಕಾಕಾರಿಗೆ ಹಗೂರಕ ವಿಷಯ ತಗದೆ, ಹುಂಜ ಅಂದ್ರ ನಸುಕಿನ್ಯಾಗ ಕೂಗ್ತೈತಿ, ಮೊದಲ ಕೇಳೋದು ಚಲೋ ಅಂತ.

ಕಾಕಾ ಚಸ್ಮಾ ತಗದು ಒರಸಿ ಮತ್ತ ಹಾಕ್ಕೊಂಡ್ರು. "ನೋಡವಾ ತಂಗಿ, ಡ್ಯಾಮಿನ ನೀರು ಬಂತಂತ ಒಂದ ಸಲ ಎದ್ದು ಬಂದೀನಿ. ಹುಂಜನ ಸಲುವಾಗಿ ಇನ್ನೊಮ್ಮೆ ಎಬ್ಬಿಸಬ್ಯಾಡ" ಅಂದ್ರು.